ಕಡಲೊಳಗೆ ನಮಗೊಂದು ಮನೆ

ನಮಗೊಂದು ಸ್ವಂತ ಮನೆ ಇದೆ ಎಂಬ ಸಂಗತಿ ನನಗೆ ಗೊತ್ತಾದದ್ದು ಬಲ್ಮಠದ ಒಂದು ಕಚೇರಿಯಲ್ಲಿ. ಗಾಜಿನ ಆಚೆ ಕೂತಿದ್ದ ಹುಡುಗಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆಯೇ ಹೇಳಿದಳು.

"ನಿಮಗೆ ಸಿಗುದಿಲ್ಲ ಮೇಡಂ. ನಿಮಗೆ ಆಲ್ರೆಡಿ ಮನೆ ಉಂಟಲ್ಲ."

"ನಮಗಾ? ಎಲ್ಲುಂಟು?"

"ಉಳ್ಳಾಲದಲ್ಲಿ. ನಿಮ್ಮ ಅಮ್ಮನ ಹೆಸರಲ್ಲಿ. ಈ ವರ್ಷದ ಮನೆ ತೆರಿಗೆ ಕೂಡ ಕಟ್ಟಿ ಆಗಿದೆ."

ನಾನು ಜೋರಾಗಿ ನಕ್ಕೆ. ಹಿಂದೆ ಸಾಲಿನಲ್ಲಿ ನಿಂತಿದ್ದವರೂ ಯಾಕೆಂದು ಗೊತ್ತಿಲ್ಲದೆ ನಕ್ಕರು. ಆ ಮನೆ ಕಡಲಿನ ಪಾಲಾಗಿ ಎಷ್ಟೋ ಮಳೆಗಾಲ ಕಳೆದಿತ್ತು. ಅದರ ಹಂಚು, ಹಂಚು ಹೊತ್ತ ಪಕ್ಕಾಸು, ಕಲ್ಲು, ಅಂಗಳದ ತೆಂಗಿನಮರ ಎಲ್ಲ ಒಂದೊಂದಾಗಿ ನೀರಿಗೆ ಬಿದ್ದದ್ದನ್ನು ಊರೇ ನಿಂತು ನೋಡಿತ್ತು. ಇಲ್ಲದ ಮನೆಗೆ ಯಾವ ಮಹಾನುಭಾವ ತೆರಿಗೆ ಕಟ್ಟುತ್ತಿದ್ದಾನೆ ಎಂದು ಕೇಳಿದೆ. ಹುಡುಗಿ ಇನ್ನೊಮ್ಮೆ ಪರದೆ ನೋಡಿ ಅಮ್ಮನ ಹೆಸರನ್ನೇ ಓದಿದಳು. ನನ್ನ ನಗು ಅಲ್ಲಿಗೆ ನಿಂತಿತು.

ನಾನು ಅಲ್ಲಿಗೆ ಹೋದದ್ದು ಮೊದಲ ಸಲ ಮನೆ ಕೊಳ್ಳುವವರಿಗೆ ಸರಕಾರ ಕೊಡುವ ಸಹಾಯಕ್ಕೆ. ಬಿಕರ್ನಕಟ್ಟೆಯಿಂದ ಸ್ವಲ್ಪ ಒಳಗೆ, ಮೂರನೇ ಮಾಳಿಗೆಯಲ್ಲಿ ಒಂದು ಚಿಕ್ಕ ಫ್ಲ್ಯಾಟ್ ನೋಡಿಟ್ಟಿದ್ದೆ. ಬ್ಯಾಂಕಿನವರು ಸಾಲ ಕೊಡುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಮೊದಲ ಹಣ, ಆ ಡೌನ್ ಪೇಮೆಂಟ್ ಎನ್ನುವುದು, ನಮ್ಮ ಕೈಯಿಂದಲೇ ಬೀಳಬೇಕು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಮೂತ್ರ ನೋಡುತ್ತ ತಿಂಗಳ ಕಂತು ಕಟ್ಟುವಷ್ಟು ನಾನು ದುಡಿಯುತ್ತೇನೆ. ಒಟ್ಟಿಗೆ ಅಷ್ಟು ದೊಡ್ಡ ಮೊತ್ತ ತೆಗೆದಿಡುವಷ್ಟು ಯಾವತ್ತೂ ದುಡಿದದ್ದಿಲ್ಲ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದವರು ಎರಡನ್ನೂ ಮಾಡದವರ ಕಷ್ಟವನ್ನು ನೋಡಿಲ್ಲ. ನಾನು ಮದುವೆಯಾಗಿಲ್ಲ, ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಸಹಾಯಕ್ಕೆ ನಾವು ಎಲ್ಲ ರೀತಿಯಲ್ಲೂ ಅರ್ಹರು ಎಂದು ಬ್ಯಾಂಕಿನವರೇ ಹೇಳಿ ಕಳಿಸಿದ್ದರು. ಷರತ್ತು ಒಂದೇ. ಒಂದೇ ರೇಶನ್ ಕಾರ್ಡಿನಲ್ಲಿರುವ ಯಾರ ಹೆಸರಿನಲ್ಲೂ ದೇಶದ ಯಾವ ಮೂಲೆಯಲ್ಲೂ ಮನೆ ಇರಬಾರದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಒಪ್ಪಿದ್ದ, ಅಡ್ಡ ನಿಂತದ್ದು ನನ್ನ ಅಮ್ಮ.

"ಎಂತ ಮಾಡುದು ಈಗ?" ಎಂದು ಹುಡುಗಿಯನ್ನೇ ಕೇಳಿದೆ.

"ಮನೆ ಇಲ್ಲ ಅಂತ ನಿಮ್ಮ ಅಮ್ಮ ಬರೆದು ಸೈನ್ ಹಾಕ್ಬೇಕು. ನಮ್ಮವರು ಬಂದು ಜಾಗ ನೋಡಿ ಫೋಟೋ ತೆಗೀತಾರೆ. ಬೇಗ ಮಾಡಿ ಮೇಡಂ, ಬಿಲ್ಡರ್‌ನವರು ಕಾಯುದಿಲ್ಲ."

ಅಷ್ಟೇ ಅಲ್ಲವಾ, ಸುಲಭ ಎಂದುಕೊಂಡು ಬಸ್ಸು ಹತ್ತಿದೆ. ನನ್ನ ಕೆಲಸವೇ ಅದು. ಸಕ್ಕರೆ ಇಲ್ಲ, ಕೀವು ಇಲ್ಲ, ಮಲೇರಿಯಾ ಇಲ್ಲ ಎಂದು ದಿನವಿಡೀ ಬರೆದು ಕೊಡುತ್ತೇನೆ, ಜನ ಅದನ್ನು ಹಿಡಿದು ದೇವರಿಗೆ ಕೈಮುಗಿದು ಹೋಗುತ್ತಾರೆ.

ಜೆಪ್ಪಿನ ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮ ಬಸಳೆ ದಂಟು ಮುರಿಯುತ್ತ ಕೂತಿದ್ದಳು. ಬಾಗಿಲಲ್ಲೇ ನಿಂತು ಜೋರು ಮಾಡಿದೆ. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅಮ್ಮನ ಮಾತಿನ ಖಾರ ಸ್ವಲ್ಪ ಕಡಿಮೆಯಾದೀತು.

"ಕಡಲಿಗೆ ತೆರಿಗೆ ಕಟ್ತೀಯಲ್ಲ, ನಿಂಗೆ ತಲೆ ಸರಿ ಉಂಟಾ?"

"ಕಡಲಿಗೆ ಯಾರು ಕಟ್ತಾರೆ? ಮನೆಗೆ ಕಟ್ಟಿದ್ದು."

"ಯಾವ ಮನೆಗೆ?"

"ನಮ್ಮ ಮನೆಗೆ," ಎಂದು ಅಮ್ಮ ಹೇಳಿದಳು. ಇಷ್ಟು ವರ್ಷ ಓದಿಸಿದ ಮಗಳಿಗೆ ಸ್ವಂತ ಮನೆ ಯಾವುದೆಂದು ಗೊತ್ತಿಲ್ಲವಲ್ಲ ಎಂಬಂತೆ ನನ್ನ ಮುಖವನ್ನೇ ನೋಡಿದಳು.

ಆ ಸಂಜೆಯಿಂದ ಅಮ್ಮನ ಮಾತುಗಳು ನನಗೆ ಬೇರೆಯಾಗಿ ಕೇಳತೊಡಗಿದವು. ಅವಳು ಯಾವಾಗಲೂ ಹಾಗೆಯೇ ಮಾತಾಡುತ್ತಿದ್ದಳು. "ದೊಡ್ಡ ಉರುಳಿ ಮನೆಯಲ್ಲುಂಟು." "ಈ ಹೊತ್ತಿಗೆ ಮನೆಯಲ್ಲಿ ಜಗಲಿಗೆ ಬಿಸಿಲು ಬಂದಿರ್ತದೆ." "ಮನೆಯ ಬಾವಿ ನೀರಲ್ಲಿ ಬೇಳೆ ಬೇಗ ಬೇಯ್ತದೆ." ಹಳೆ ಕಾಲದವರ ರೂಢಿ ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಯೋಚಿಸಿದರೆ, ಮನೆ 'ಇತ್ತು' ಎಂದು ಅವಳ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಒಂದು ದಿನ ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತ, "ಇವತ್ತು ಅಡುಗೆಮನೆಗೆ ನೀರು ಬಂದಿರ್ತದೆ," ಎಂದಳು. ನಾನು ಗಾಬರಿಯಿಂದ ನಮ್ಮ ಅಡುಗೆಮನೆಗೆ ಓಡಿ ನೋಡಿದೆ. ನೆಲ ಒಣಗಿಯೇ ಇತ್ತು. ಅವಳು ಹೇಳಿದ್ದು ಈ ಅಡುಗೆಮನೆಯ ವಿಷಯವಲ್ಲ. ಅವತ್ತು ಹುಣ್ಣಿಮೆ, ಕಡಲು ಉಬ್ಬುವ ದಿನ.

ನಡೆದದ್ದನ್ನು ಹೇಳಿಬಿಡುತ್ತೇನೆ. ನನಗೊಬ್ಬ ಅಣ್ಣನಿದ್ದ. ಮೀನಿನ ಬಂದರಿನ ಧಕ್ಕೆಯಿಂದ ಹೊರಡುವ ಬೋಟಿನಲ್ಲಿ ಕೆಲಸ. ಹಾಗೆ ಒಮ್ಮೆ ಅವನು ಹೋದ ಬೋಟು ತಿರುಗಿ ಬರಲಿಲ್ಲ. ಬೋಟೂ ಸಿಗಲಿಲ್ಲ, ಅದರಲ್ಲಿದ್ದ ಯಾರೂ ಸಿಗಲಿಲ್ಲ. ಬೇರೆ ಮನೆಗಳವರು ಕಾದು ಕಾದು, ಕೊನೆಗೆ ಅತ್ತು, ಉತ್ತರಕ್ರಿಯೆ ಮಾಡಿ ಮುಗಿಸಿದರು. ಅಮ್ಮ ಮಾಡಲಿಲ್ಲ. ಅದೇ ಮಳೆಗಾಲ ಕಡಲು ನಮ್ಮ ಮನೆಯ ಹಿಂದಿನ ಗೋಡೆಗೆ ಬಂತು. ಕಡಲು ಕೊರೆದ ಮನೆಗಳನ್ನು ಬರೆದುಕೊಂಡು ಹೋಗಲು ಗ್ರಾಮಲೆಕ್ಕಿಗರು ಬಂದಾಗ ಮುಂದಿನ ಗೋಡೆ ಮತ್ತು ಬಾಗಿಲು ಮಾತ್ರ ನಿಂತಿದ್ದವು. ನೆರೆಯವರೆಲ್ಲ ಮನೆ ಹೋಯಿತು ಎಂದು ಬರೆಸಿ ಪರಿಹಾರ ತೆಗೆದುಕೊಂಡರು. ಅಮ್ಮ ಆ ಬಾಗಿಲಿನ ಮುಂದೆ ನಿಂತು, "ನಮ್ಮ ಮನೆ ಉಂಟು," ಎಂದು ಹೇಳಿ ಕಳಿಸಿದಳಂತೆ. ಗಂಡಸು ಕಡಲಿಗೆ ಹೋಗಿರುವಾಗ ನಮ್ಮ ಮನೆಯಲ್ಲಿ ಯಾವುದನ್ನೂ ಇಲ್ಲ ಎನ್ನುವ ಕ್ರಮವಿರಲಿಲ್ಲ. ಡಬ್ಬದಲ್ಲಿ ಅಕ್ಕಿ ಮುಗಿದರೂ ಅಕ್ಕಿ ಹೆಚ್ಚಾಯಿತು ಎನ್ನುವುದು. ನಾನಾಗ ಲ್ಯಾಬ್ ಕೋರ್ಸಿಗೆಂದು ಹಾಸ್ಟೆಲಿನಲ್ಲಿದ್ದೆ. ಗ್ರಾಮಲೆಕ್ಕಿಗರು ಕೇಳಿದ್ದೂ ಗೊತ್ತಿಲ್ಲ, ಇವಳು ಹೇಳಿದ್ದೂ ಗೊತ್ತಿಲ್ಲ.

"ಈಗ ಹೇಳಿದರಾಯ್ತಲ್ಲ, ಇಲ್ಲ ಅಂತ. ಒಂದು ಸೈನ್ ಅಮ್ಮ," ಎಂದೆ.

"ಅವನು ಬಂದರೆ ಎಲ್ಲಿಗೆ ಬರುದು?"

"ಅಣ್ಣ ಬರುದಿಲ್ಲ!"

"ನೀನು ನೋಡಿದ್ದೀಯಾ?"

ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ನನಗೆ ಅಮ್ಮನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಅಣ್ಣನ ಮೇಲೂ ಬಂದಿತ್ತು. ಹೋದವನಿಗೆ ಕಾಯುತ್ತ ಕೂತರೆ ಇದ್ದವಳು ಜೀವನಪೂರ್ತಿ ಬಾಡಿಗೆ ಕಟ್ಟಬೇಕೇ?

ಅಪ್ಪ ಮಾತ್ರ ಆ ಮನೆಯಲ್ಲೇ, ಹಾಸಿಗೆಯ ಮೇಲೆ, ಎಲ್ಲರೂ ನೋಡುತ್ತಿದ್ದ ಹಾಗೆ ತೀರಿಕೊಂಡವರು. ತೀರಿಹೋದ ಮನೆಯವರನ್ನು ನಾವು ಕುಲೆಗಳು ಎನ್ನುತ್ತೇವೆ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಅವರಿಗೆ ಇಷ್ಟವಾದ ಅಡುಗೆ ಮಾಡಿ, ಒಳಗಿನ ಕೋಣೆಯಲ್ಲಿ ಬಾಳೆಲೆಗೆ ಬಡಿಸಿ, ಬಾಗಿಲೆಳೆದು ಹೊರಗೆ ಬಂದು ಕೂರುವುದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ನೋಡುವುದು. ಅನ್ನದ ರಾಶಿ ಒಂದು ಕಡೆ ಜರಿದಿದ್ದರೆ ಬಂದು ಉಂಡು ಹೋದರು ಎಂದು ಅರ್ಥ. ಆಮೇಲೆ ಅದನ್ನೇ ಮನೆಯವರು ಉಣ್ಣುವುದು. ಇದಕ್ಕೆಲ್ಲ ಸ್ವಂತ ಮನೆ ಬೇಕು. ಜೆಪ್ಪಿನ ಮನೆಯ ಒಡತಿ ಒಳ್ಳೆಯವಳೇ, ಮೀನು ಸುಟ್ಟರೂ ಮಾತಾಡುವವಳಲ್ಲ. ಆದರೆ ಮೊದಲ ದಿನವೇ ಹೇಳಿದ್ದಳು: "ಎಂತ ಬೇಕಾದರೂ ಮಾಡಿ ಮಾರಾಯ್ರೇ, ನಿಮ್ಮ ಕುಲೆಗಳನ್ನು ಮಾತ್ರ ಒಳಗೆ ಕರೀಬೇಡಿ. ನಮ್ಮವರೇ ಸುಮಾರು ಜನ ಇದ್ದಾರೆ." ಹಾಗಾಗಿ ಅಮ್ಮ ಪ್ರತಿ ಆಟಿಯಲ್ಲೂ ಉಳ್ಳಾಲಕ್ಕೆ ಹೋಗಿ, ಕಡಲಿಗೆ ಅಡ್ಡ ಹಾಕಿದ ಕಲ್ಲುಗಳ ಮೇಲೆ ಅಪ್ಪನಿಗೆ ಎಲೆ ಇಟ್ಟು ಬರುತ್ತಿದ್ದಳು. ಅಣ್ಣನಿಗೆ ಇಟ್ಟದ್ದಿಲ್ಲ. ಎಲೆ ಇಡುವುದು ಸತ್ತವರಿಗೆ.

ಒಂದು ರಾತ್ರಿ ಊಟದ ಹೊತ್ತಿಗೆ ಸಿಟ್ಟಿನಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು.

"ಅಲ್ಲಿ ಕಲ್ಲಿನ ಮೇಲೆ ಇಟ್ಟರೆ ಕಾಗೆ ತಿಂತದೆ, ಕಡಲು ತಿಂತದೆ. ಯಾರು ತಿಂದದ್ದು ಅಂತ ನಿಂಗೆ ಹೇಗೆ ಗೊತ್ತಾಗ್ತದೆ? ನಮ್ಮದೇ ಮನೆ ಆದರೆ ಬಾಗಿಲು ಹಾಕಿ ಇಡಬಹುದು. ಅಣ್ಣನಿಗೂ ಒಂದು ಎಲೆ ಇಡು. ಬಂದರೆ ಸತ್ತಿದ್ದಾನೆ, ಬರದಿದ್ದರೆ ಇದ್ದಾನೆ. ಒಮ್ಮೆ ಕೇಳಿ ಮುಗಿಸು."

ಅಮ್ಮ ಬಟ್ಟಲು ಬಿಟ್ಟು ಎದ್ದಳು. ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವಾಗ ತಾನಾಗಿಯೇ ಹೇಳಿದಳು. "ಆ ಫೋಟೋ ತೆಗೆಯುವವರಿಗೆ ಬರಲಿಕ್ಕೆ ಹೇಳು. ಅಮಾವಾಸ್ಯೆ ಕಳೆದ ಮರುದಿನ. ಅವತ್ತು ನೀರು ತುಂಬಾ ಕೆಳಗೆ ಹೋಗ್ತದೆ. ಮನೆ ಪೂರ್ತಿ ಕಾಣ್ತದೆ."

ಸರಕಾರಿ ಕೆಲಸಕ್ಕೆ ಕಡಲಿನ ಇಳಿತ ನೋಡಿ ದಿನ ಇಟ್ಟದ್ದು ಅದೇ ಮೊದಲಿರಬೇಕು. ಬಂದವರು ಪುತ್ತೂರು ಕಡೆಯ ಒಬ್ಬರು ನಡುವಯಸ್ಸಿನ ಅಧಿಕಾರಿ, ಮಾತು ಕಡಿಮೆ. ಕೈಯಲ್ಲಿ ಮೊಬೈಲು, ಬಗಲಲ್ಲಿ ಒಂದು ಚೀಲ. ಬೆಳಗಿನ ಬಿಸಿಲು ಚೆನ್ನಾಗಿಯೇ ಇತ್ತು. ದಡದಲ್ಲಿ ಒಬ್ಬರೂ ಇರಲಿಲ್ಲ, ಒಂದು ನಾಯಿ ಕೂಡ. ಕಲ್ಲುಗಳನ್ನು ದಾಟಿ ಕೆಳಗಿಳಿದರೆ ಅಮ್ಮ ಹೇಳಿದ ಹಾಗೆಯೇ ನೀರು ದೂರ ಹೋಗಿತ್ತು. ನಾನು ಅಷ್ಟು ಇಳಿದ ಕಡಲನ್ನು ಆ ಜಾಗದಲ್ಲಿ ನೋಡಿರಲಿಲ್ಲ. ಸ್ವಲ್ಪ ಆಚೆ ನಮ್ಮ ಬಾವಿಯ ಸಿಮೆಂಟಿನ ರಿಂಗು ಹೊಯಿಗೆಯಿಂದ, ಆ ಒದ್ದೆ ಮರಳಿನಿಂದ, ಒಂದು ಗೇಣು ಮೇಲೆ ಬಂದಿತ್ತು. ಸುತ್ತ ಸಣ್ಣ ತೆರೆ ಬಂದು ಹೋಗುತ್ತಿದ್ದರೂ ರಿಂಗಿನೊಳಗಿನ ನೀರು ಮಾತ್ರ ಅಲುಗುತ್ತಿರಲಿಲ್ಲ.

"ಮನೆ ಎಲ್ಲಿ ಬರ್ತಿತ್ತು ಅಮ್ಮ?" ಎಂದು ಅಧಿಕಾರಿ ಕೇಳಿದರು.

"ಬನ್ನಿ, ತೋರಿಸ್ತೇನೆ," ಎಂದು ಅಮ್ಮ ಸೀರೆಯ ನೆರಿಗೆ ಎತ್ತಿಕೊಂಡು ನಡೆದಳು.

ಅವರು ಚಪ್ಪಲಿ ಬಿಚ್ಚಿದರು. ನೀರಿಗೆ ಇಳಿಯಲು ಎಂದುಕೊಂಡೆ. ಆದರೆ ನೀರಿಗೆ ಇಳಿಯುವವರು ಚಪ್ಪಲಿಯನ್ನು ಕೈಯಲ್ಲಿ ಹಿಡಿಯುತ್ತಾರೆ, ಇಲ್ಲವೇ ಎಲ್ಲಾದರೂ ಬಿಸಾಡುತ್ತಾರೆ. ಇವರು ಎರಡನ್ನೂ ಜೋಡಿಸಿ ಪಕ್ಕಕ್ಕೆ ಇಟ್ಟು, ಅಲ್ಲೇ ನಿಂತರು. ಅಮ್ಮ ಹಿಂದಕ್ಕೆ ತಿರುಗಿ, "ಒಳಗೆ ಬನ್ನಿ," ಎಂದ ಮೇಲೆಯೇ ಕಾಲು ಮುಂದಿಟ್ಟರು.

"ಇದು ಚಾವಡಿ. ಇಲ್ಲಿಂದ ಒಂದು ಮೆಟ್ಟಿಲು ಕೆಳಗೆ. ಆ ಬಾಗಿಲು ತಗ್ಗು ಉಂಟು ಮಾರಾಯ್ರೇ, ತಲೆ ಜಾಗ್ರತೆ."

ಅಧಿಕಾರಿ ತಲೆ ಬಗ್ಗಿಸಿದರು. ನಗು ಬರಬೇಕಿತ್ತು, ಬರಲಿಲ್ಲ, ಯಾಕೆಂದರೆ ಅವರ ಹಿಂದೆ ನಡೆಯುತ್ತಿದ್ದ ನಾನೂ ಬಗ್ಗಿಸಿದ್ದೆ. ಆಮೇಲೆ ನನ್ನ ಕಾಲಿಗೆ ಅದು ಸಿಕ್ಕಿತು. ಹೊಯಿಗೆಯ ಕೆಳಗೆ ನುಣ್ಣಗೆ, ತಣ್ಣಗೆ, ನಮ್ಮ ಕೆಂಪು ಗಾರೆಯ ನೆಲ. ಹೆಬ್ಬೆರಳಿನಿಂದ ತಡವಿದರೆ ಮೆಟ್ಟಿಲಿನ ಅಂಚು. ಅದರ ಮೇಲೆ ಕೂತು ನಾನು ಅಕ್ಷರ ಕಲಿತದ್ದು. ಮೇಲೆ ಆಕಾಶ, ಸುತ್ತ ಕಡಲು, ಕಾಲಡಿಯಲ್ಲಿ ಮಾತ್ರ ಮನೆ. ಹುಣಿಸೆಹಣ್ಣು ಹಾಕಿ ಕುದಿಸಿದ ಮೀನುಸಾರಿನ ವಾಸನೆ ಸ್ಪಷ್ಟವಾಗಿ ಬಂತು. ಎಲ್ಲಿಂದ ಎಂದು ಸುತ್ತ ನೋಡಿದೆ. ಹತ್ತಿರದಲ್ಲಿ ಒಂದು ಮನೆಯೂ ಇರಲಿಲ್ಲ. ನನಗೆ ಆ ಕ್ಷಣ ಓಡಿಹೋಗಬೇಕೆನಿಸಿತು. ಅದರ ಜತೆಗೇ, ಅಲ್ಲೇ ಕೂತುಬಿಡಬೇಕು ಎಂದೂ ಅನಿಸಿತು.

"ನೆಲ ಉಂಟಲ್ಲಾ," ಎಂದರು ಅಧಿಕಾರಿ, ತುಂಬ ಮೆಲ್ಲಗೆ.

"ಉಂಟಲ್ಲ ಮತ್ತೆ? ನಾನು ಸುಳ್ಳು ಹೇಳ್ತೇನಾ?"

ಅವರು ನನ್ನ ಕಡೆ ನೋಡಿದರು. "ಮೇಲೆ ಹಂಚಿನ ಮಾಡು ಇಲ್ಲದಿದ್ದರೆ ಮನೆ ಅಂತ ಲೆಕ್ಕ ಇಲ್ಲ. ಹಾಗಂತ ನಮ್ಮ ರೂಲು," ಎಂದರು. ನನಗೆ ಸಮಾಧಾನ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಆಮೇಲೆ ಮನೆಯ ಎದುರಿನಲ್ಲಿ ಒಡತಿ ನಿಂತ ಹಾಗೆ ಒಂದು ಫೋಟೋ ಬೇಕು ಎಂದು ಅಮ್ಮನನ್ನು ಬಾಗಿಲಿದ್ದ ಜಾಗದಲ್ಲಿ ನಿಲ್ಲಿಸಿದರು. ತೆಗೆದು, ನೋಡಿ, ಇನ್ನೊಂದು ತೆಗೆದರು. ಅದನ್ನೂ ನೋಡಿದರು. ಮೊಬೈಲನ್ನು ನನ್ನ ಕೈಗೆ ಕೊಟ್ಟು ಕಡಲಿನ ಕಡೆ ತಿರುಗಿ ನಿಂತರು.

ಎರಡರಲ್ಲೂ ಅಮ್ಮ ನಮ್ಮ ಕಡೆ ನೋಡುತ್ತಿರಲಿಲ್ಲ. ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ಮುಖ ಎತ್ತಿದ್ದಳು, ತನಗಿಂತ ಎತ್ತರದವರ ಜತೆ ಮಾತಾಡುವ ಹಾಗೆ. ಎರಡನೆಯದರಲ್ಲಿ ನಗುತ್ತಿದ್ದಳು. ನಾವಿಬ್ಬರೂ ಅವಳನ್ನು ನಗಿಸುವಂಥದ್ದೇನನ್ನೂ ಹೇಳಿರಲಿಲ್ಲ. ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ, ಅದನ್ನು ನಾನು ಫೋಟೋ ದೊಡ್ಡದು ಮಾಡಿ ನೋಡಿದ್ದೇನೆ.

ಸಹಿ ಹಾಕುವ ಮೊದಲು ಅಮ್ಮ ಅಧಿಕಾರಿಯನ್ನು ಕೇಳಿದಳು. "ನೀವು ಬರೆದ ಮೇಲೆ ಇದು ಯಾರದ್ದು?"

"ಯಾರದ್ದೂ ಅಲ್ಲ ಅಮ್ಮ. ಕಡಲಿನದ್ದು."

"ಒಳಗೆ ಯಾರಾದರೂ ಇದ್ದರೆ?"

ನಾನು ಈಗ ಈ ಮನುಷ್ಯ ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದು ಹೆದರಿದೆ. ಅವರು ಸ್ವಲ್ಪ ಯೋಚಿಸಿದರು. "ಮೊದಲೇ ಹೇಳಿ ಬಿಡುದು ಒಳ್ಳೆದು," ಎಂದರು.

ಅಮ್ಮ ಬಾವಿಯ ಕಡೆ ಮುಖ ಮಾಡಿ, ಪಕ್ಕದ ಕೋಣೆಯಲ್ಲಿದ್ದವರಿಗೆ ಹೇಳುವಷ್ಟೇ ದನಿಯಲ್ಲಿ ಹೇಳಿದಳು. ಬಿಕರ್ನಕಟ್ಟೆ ಎಂದಳು. ಮೂರನೇ ಮಾಳಿಗೆ ಎಂದಳು. ಲಿಫ್ಟ್ ಉಂಟು, ಬೇಡವಾದರೆ ಮೆಟ್ಟಿಲೂ ಉಂಟು ಎಂದಳು. ಆಮೇಲೆ, "ಇಲ್ಲಿಗೆ ಇನ್ನು ಬರಬೇಡ ಮಗಾ. ಇಲ್ಲಿ ಮನೆ ಇಲ್ಲ," ಎಂದಳು. ಅವಳ ಬಾಯಿಂದ ಆ ಮಾತು ಕೇಳಬೇಕೆಂದೇ ನಾನು ಇಷ್ಟು ದಿನ ಹಟ ಹಿಡಿದದ್ದು. ಕೇಳಿದಾಗ ಅತ್ತುಬಿಟ್ಟೆ. ಅಮ್ಮ ಅಳಲಿಲ್ಲ. ಅಧಿಕಾರಿಯ ಚೀಲದ ಮೇಲೆ ಕಾಗದ ಇಟ್ಟು ಸಹಿ ಹಾಕಿ ಪೆನ್ನು ಹಿಂದೆ ಕೊಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು. "ಆಟಿಗೆ ಎರಡು ಎಲೆ ಇಡುವ. ನೀನು ಹೇಳಿದ ಹಾಗೆ ಕೇಳಿಯೇ ಬಿಡುವ."

ಸಹಾಯದ ಹಣ ಬಂತು. ಬ್ಯಾಂಕಿನವರು ಉಳಿದದ್ದನ್ನು ಕೊಟ್ಟರು. ನಾವು ಒಕ್ಕಲಾದ ದಿನ ಲ್ಯಾಬಿನ ಗೆಳತಿಯರೆಲ್ಲ ಬಂದು ಪಾಯಸ ಉಂಡು, ಕಿಟಕಿಯಿಂದ ಏನೂ ಕಾಣುವುದಿಲ್ಲವಲ್ಲ ಎಂದು ತಮಾಷೆ ಮಾಡಿದರು. ಪಕ್ಕದ ಕಟ್ಟಡದ ಗೋಡೆಯೇ ಕಾಣುವುದು. ನನಗೆ ಅದೇ ಬೇಕಾಗಿತ್ತು, ಕಡಲು ಕಾಣದ ಮನೆ. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಾಗಿಲ್ಲ ಎಂದು ನೆನಪಾದಾಗಲೆಲ್ಲ ಒಬ್ಬಳೇ ಖುಷಿಪಡುತ್ತಿದ್ದೆ. ಅಮ್ಮ ಹೊಸ ಮನೆಯನ್ನು 'ಇಲ್ಲಿ' ಎನ್ನುವುದನ್ನು ಬಿಟ್ಟು 'ಮನೆ' ಎನ್ನುವುದಕ್ಕೆ ಸ್ವಲ್ಪ ಕಾಲ ತೆಗೆದುಕೊಂಡಳು.

ಆಟಿ ಬಂತು. ಮಳೆಗಾಲದಲ್ಲಿ ಬೋಟುಗಳು ಹೋಗುವುದಿಲ್ಲ, ಮೀನಿಗೆ ಬೆಂಕಿ ಬೆಲೆ. ಆದರೂ ಅಮ್ಮ ಎಲ್ಲೆಲ್ಲೋ ಹುಡುಕಿ ಅಣ್ಣನಿಗೆಂದು ಒಂದು ಒಳ್ಳೆಯ ಬಂಗುಡೆ ತಂದಳು. ಅಪ್ಪನಿಗೆಂದು ಪತ್ರೊಡೆ, ಕೋಳಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಮಲಗುವ ಕೋಣೆಯಲ್ಲಿ ಎರಡು ಎಲೆ ಹಾಕಿದಳು. ಅಪ್ಪನ ಎಲೆಯನ್ನು ಬೇಗ ಬಡಿಸಿ ಮುಗಿಸಿದಳು. ಅಣ್ಣನ ಎಲೆಯ ಮುಂದೆ ಸುಮಾರು ಹೊತ್ತು ಸಟ್ಟುಗ ಹಿಡಿದು ಕೂತಿದ್ದಳು. ಕಿಟಕಿಗಳನ್ನು ನಾನೇ ಹಾಕಿ ಚಿಲಕ ನೋಡಿದೆ. ಬೆಕ್ಕು, ಇಲಿ, ಹಲ್ಲಿ, ಯಾರೂ ನನಗೆ ಮೋಸ ಮಾಡಬಾರದು ಎಂದು ಮಂಚದ ಅಡಿಯನ್ನೂ ನೋಡಿದೆ. ಅಮ್ಮ ಬಾಗಿಲೆಳೆದಳು. ಇಬ್ಬರೂ ಹೊರಗೆ ಹಾಲ್‌ನಲ್ಲಿ ಕೂತೆವು.

ಮಳೆ ಜೋರಾಗಿತ್ತು. ಕೆಳಗಿನ ಮನೆಯ ಟಿವಿ ಕೇಳುತ್ತಿತ್ತು. ನಾನು ಯಾವ ಉತ್ತರ ಬೇಕೆಂದು ಕಾಯುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಅಣ್ಣ ಬರಲಿ ಎಂದರೆ ಅವನು ಸತ್ತ ಹಾಗೆ. ಬರದಿರಲಿ ಎಂದರೆ ಅಮ್ಮ ಸಾಯುವವರೆಗೂ ದಾರಿ ನೋಡಬೇಕು. ಅಮ್ಮ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು, ಆಸ್ಪತ್ರೆಯಲ್ಲಿ ರಿಪೋರ್ಟಿಗೆ ಕಾಯುವವರ ಹಾಗೆ ಕೂತಿದ್ದಳು. ಅವಳು ಒಂದು ಕ್ಷಣವೂ ನನ್ನ ಕಣ್ಣಿಂದ ಮರೆಯಾಗಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಆಮೇಲೆ ನಾನು ಇದನ್ನು ಎಷ್ಟೋ ಸಲ ತಿರುಗಿಸಿ ತಿರುಗಿಸಿ ಯೋಚಿಸಿದ್ದೇನೆ.

ಅವಳು ಎದ್ದು ಬಾಗಿಲು ತಟ್ಟಿದಳು. ತೆರೆದಳು. ನಾನು ಹಿಂದೆಯೇ ಇದ್ದೆ. ಅಪ್ಪನ ಅನ್ನದ ರಾಶಿ ಸ್ವಲ್ಪ ಜರಿದಿತ್ತು. ಅಮ್ಮ ಅದಕ್ಕೆ ಕೈಮುಗಿದು, ಪಕ್ಕದ ಎಲೆಯ ಮುಂದೆ ಬಗ್ಗಿದಳು. ಬಗ್ಗಿಯೇ ಇದ್ದಳು. ಅವಳ ಬೆನ್ನಿನಿಂದಾಗಿ ನನಗೆ ಎಲೆ ಕಾಣುತ್ತಿರಲಿಲ್ಲ. ಕೊನೆಗೆ ಎದ್ದು ತಿರುಗಿದಳು. ಮುಖ ಶಾಂತವಾಗಿತ್ತು.

"ಬರ್ಲಿಲ್ಲ ಅವನು," ಎಂದಳು. "ಇದ್ದಾನೆ ಎಲ್ಲೋ."

ಅಪ್ಪನ ಎಲೆಯನ್ನು ಎತ್ತಿಕೊಂಡು, "ಇದು ನಂಗೆ. ಅದು ನೀನು ತಿನ್ನು, ಸುಮ್ಮನೆ ಹಾಳಾಗುದು ಯಾಕೆ?" ಎಂದು ಅಡುಗೆಮನೆಗೆ ಹೋದಳು.

ನಾನು ಕೂತು ನೋಡಿದೆ. ಅಣ್ಣನ ಎಲೆಯಲ್ಲಿ ಬಂಗುಡೆಯ ಮೇಲಿನ ಮಗ್ಗುಲು ಇರಲಿಲ್ಲ. ನಡುವಿನ ಮುಳ್ಳನ್ನು ಬಾಲದ ಕಡೆಯಿಂದ ಇಡಿಯಾಗಿ ಎತ್ತಿ ಎಲೆಯ ಅಂಚಿಗೆ ಇಟ್ಟಿತ್ತು. ಕೆಳಗಿನ ಮಗ್ಗುಲು ಒಂದು ಚೂರೂ ಮುರಿಯದೆ ಹಾಗೆಯೇ ಇತ್ತು. ಮೀನು ಮಗುಚಿದರೆ ಬೋಟು ಮಗುಚುತ್ತದೆ ಎಂದು ಅವನಿಗೆ ಅವನ ಬೋಟು ನಡೆಸುವ ತಂಡೇಲ ಕಲಿಸಿದ್ದ. ಹಾಗಾಗಿ ಅಣ್ಣ ತಿನ್ನುವಾಗ ಮೀನು ತಿರುಗಿಸು‌ತ್ತಿರಲಿಲ್ಲ. ಮೇಲಿನದನ್ನು ತಿಂದು, ಮುಳ್ಳೆತ್ತಿ, ಕೆಳಗಿನ ಮಗ್ಗುಲನ್ನು ನನ್ನ ಬಟ್ಟಲಿಗೆ ಜಾರಿಸುತ್ತಿದ್ದ. ನನಗೆ ಮುಳ್ಳು ಬಿಡಿಸಲು ಬರುತ್ತಿರಲಿಲ್ಲ.

ಅಳಲು ಆಗಲಿಲ್ಲ, ಅತ್ತರೆ ಅಡುಗೆಮನೆಗೆ ಕೇಳುತ್ತಿತ್ತು.

"ಮಗಾ," ಎಂದು ಅಮ್ಮ ಅಲ್ಲಿಂದಲೇ ನನ್ನನ್ನು ಕೂಗಿದಳು. ದನಿ ಸ್ವಲ್ಪ ನಡುಗುತ್ತಿತ್ತು. "ಯಾರೂ ಮುಟ್ಟಿದ ಹಾಗೆ ಇಲ್ಲ ಅಲ್ವಾ?"

"ಇಲ್ಲಮ್ಮ," ಎಂದೆ. "ಯಾರೂ ಮುಟ್ಲಿಲ್ಲ."

ಅಣ್ಣ ನನಗೆಂದು ಬಿಟ್ಟಿದ್ದ ಮಗ್ಗುಲನ್ನು ಅಲ್ಲೇ ನೆಲದ ಮೇಲೆ ಕೂತು ತಿಂದು ಮುಗಿಸಿದೆ.